ಶತ್ರುವಿನ ಊರಲ್ಲಿ ಸಲಿಕೆ ಹಿಡಿದವರು

ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲೇ ಒಂದು ನಿಯಮ ಬರುತ್ತದೆ: ಹಣದಲ್ಲಿ ಅಳೆಯಲಾಗದ್ದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವಂತಿಲ್ಲ. ಹಾಗಾದರೆ ಸಂಬಳವಿಲ್ಲದೆ ದುಡಿದವನ ಬೆವರು ಯಾವ ಖಾತೆಗೆ ಹೋಗುತ್ತದೆ? ಈ ಪ್ರಶ್ನೆ ಹಿಡಿದು ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಎರಡು ಊರುಗಳ ಕಥೆ ಇದು.

ಮೊದಲ ಊರು ಫ್ರಾನ್ಸಿನ ಎನ್. ವರ್ಡನ್ ಯುದ್ಧಭೂಮಿಯ ಹತ್ತಿರದ ಸಣ್ಣ ಹಳ್ಳಿ. ಮೊದಲನೆಯ ಮಹಾಯುದ್ಧದಲ್ಲಿ ಪೂರ್ತಿ ನೆಲಸಮವಾಗಿತ್ತು. 1920ರ ಚಳಿಗಾಲದಲ್ಲಿ ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಪಿಯರ್ ಸೆರೆಸೋಲ್ ಒಂದು ಸಣ್ಣ ತಂಡ ಕಟ್ಟಿಕೊಂಡು ಅಲ್ಲಿಗೆ ಬಂದರು. ತಂಡದಲ್ಲಿ ಜರ್ಮನರೂ ಇದ್ದರು! ಯುದ್ಧ ಮುಗಿದು ಎರಡೇ ವರ್ಷವಾಗಿತ್ತು. ಅವರು ಗುಂಡು ಬಿದ್ದ ಗುಂಡಿಗಳನ್ನು ಮುಚ್ಚಿದರು, ರಸ್ತೆ ಸರಿಪಡಿಸಿದರು, ಮರದ ಮನೆಗಳನ್ನು ಎಬ್ಬಿಸಿದರು. ಆದರೆ ಜರ್ಮನರು ಅಲ್ಲಿರುವುದು ಅಧಿಕಾರಿಗಳಿಗೆ ಹಿಡಿಸಲಿಲ್ಲ. 1921ರ ವಸಂತದಲ್ಲಿ ಕೆಲಸ ನಿಂತುಹೋಯಿತು. ಕೆಲಸ ನಿಂತರೂ ಅದರಿಂದ ಹುಟ್ಟಿದ ಸಂಸ್ಥೆ, ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್, ಇಂದಿಗೂ ಇದೆ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭಾರಿ ಭೂಕಂಪವಾದಾಗ ಇದೇ ಸೆರೆಸೋಲ್ ನಮ್ಮ ದೇಶಕ್ಕೂ ಬಂದು ಹಳ್ಳಿ ಕಟ್ಟಲು ನಿಂತರು.

ಎರಡನೆಯದು ಲೊಮ್ಮೆಲ್. ಬೆಲ್ಜಿಯಂನಲ್ಲಿ, ನೆದರ್‌ಲೆಂಡ್ಸ್ ಗಡಿಯ ಪಕ್ಕದಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಸತ್ತ 38 ಸಾವಿರಕ್ಕೂ ಹೆಚ್ಚು ಜರ್ಮನ್ ಸೈನಿಕರು ಅಲ್ಲಿ ಮಣ್ಣಾಗಿದ್ದಾರೆ. ಬೆಲ್ಜಿಯಂ ಜನರಿಗೆ ಅವರು ದಾಳಿ ಮಾಡಿ ಬಂದವರು. ಅಂಥವರ ಕಬರಸ್ತಾನವನ್ನು ಅಚ್ಚುಕಟ್ಟು ಮಾಡಲು 1953ರಲ್ಲಿ ಬೇರೆ ಬೇರೆ ದೇಶಗಳ ಯುವಕರು ಸೇರಿದರು. ಇಂಥ ಶಿಬಿರಗಳು ಯುರೋಪಿನಲ್ಲಿ ಈಗಲೂ ಪ್ರತಿ ಬೇಸಿಗೆ ನಡೆಯುತ್ತವೆ. ನಮ್ಮ ವಯಸ್ಸಿನವರೇ ಬಂದು ಗೋರಿಕಲ್ಲು ತೊಳೆಯುತ್ತಾರೆ, ಮಾಸಿದ ಹೆಸರುಗಳಿಗೆ ಬಣ್ಣ ತುಂಬುತ್ತಾರೆ. ಹೆಸರು ಓದುತ್ತಾ ಹೋದಂತೆ ಸತ್ತವನಿಗೂ ಹತ್ತೊಂಬತ್ತೇ ವರ್ಷ ಎಂದು ಗೊತ್ತಾದರೆ ಹೇಗಿರುತ್ತದೋ!

ಇದನ್ನು ಮನೆಯಲ್ಲಿ ಹೇಳುವಾಗ ಒಂದು ತೊಡಕಾಯಿತು. ಸ್ವಯಂಸೇವಕ ಎನ್ನುವುದಕ್ಕೆ ಉರ್ದುವಿನಲ್ಲಿ ಇರುವ ಪದ ರಜಾಕಾರ್. ನಾನು ಹಾಗೆಂದ ಕೂಡಲೇ ಅಬ್ಬಾ, "ಆ ಮಾತು ಹೊರಗೆ ಆಡಬೇಡ" ಎಂದರು. 1948ರವರೆಗೆ ನಮ್ಮ ಜಿಲ್ಲೆಯೇ ಒಂದು ಗಡಿ. ಇತ್ತ ಮುಂಬೈ ಪ್ರಾಂತ, ಅತ್ತ ಕಲಬುರಗಿ ಕಡೆ ನಿಜಾಮರ ಸಂಸ್ಥಾನ. ಖಾಸಿಂ ರಜ್ವಿಯ ಪಡೆ ಆ ಹೆಸರಿಟ್ಟುಕೊಂಡು ಹಳ್ಳಿಗಳಲ್ಲಿ ಮಾಡಿದ್ದನ್ನು ಜನ ಮರೆತಿಲ್ಲ. ಸೇವೆ ಎಂಬ ಅರ್ಥದ ಒಳ್ಳೆಯ ಪದವೊಂದು ಹೀಗೆ ಕೆಟ್ಟುಹೋಯಿತು. ನಾವು ಹುಟ್ಟುವ ಎಷ್ಟೋ ಮೊದಲಿನ ಮಾತು ಇದು. ಆದರೂ ಅದರ ಭಾರ ನನ್ನ ನಾಲಿಗೆಯ ಮೇಲೂ ಇದೆ ಎಂದು ಅಂದು ತಿಳಿಯಿತು.

ಅರಕೇರಿಯಿಂದ ಕಾಲೇಜಿಗೆ ಬರುವ ನನಗೆ ವಿಜಯಪುರದ ಕೋಟೆ ಗೋಡೆ ಹೊಸದಲ್ಲ. ಒಂದನೇ ಅಲಿ ಆದಿಲ್ ಶಾಹನ ಕಾಲದಲ್ಲಿ ಕಟ್ಟಿದ್ದು, ಸುತ್ತಳತೆ ಸುಮಾರು 10 ಕಿಲೋಮೀಟರ್. ಒಂದು ಕಾಲಕ್ಕೆ ಊರಿನ ಗಡಿಯೇ ಇದು. ಕಲ್ಲಿನ ಸಂದಿಯಲ್ಲಿ ಅರಳಿ ಸಸಿ, ಬುಡದಲ್ಲಿ ಗುಟ್ಕಾ ಚೀಟಿ, ಮೇಲೆ ಪ್ರೇಮಿಗಳ ಹೆಸರು. ಹಾಗೆಂದು ಸಲಿಕೆ ಹಿಡಿದು ನುಗ್ಗಿದರೆ ಕೆಲಸ ಕೆಡುತ್ತದೆ. ಸಸಿಯನ್ನು ಜಗ್ಗಿ ಕಿತ್ತರೆ ಬೇರಿನ ಜೊತೆ ಗಾರೆಯೂ ಕಿತ್ತು ಬರುತ್ತದೆ. ಸುಣ್ಣದ ಗಾರೆಯ ಜಾಗಕ್ಕೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಕಲ್ಲೇ ಸವೆಯುತ್ತದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಹೆಸರು ಕೆತ್ತುವ ಗೆಳೆಯರು ಇದನ್ನು ಎರಡು ಸಲ ಓದಲಿ.

ಹಾಗಾಗಿ ಕಲ್ಲು ಮುಟ್ಟದೆ ಮಾಡಬಹುದಾದ ಕೆಲಸಗಳನ್ನಷ್ಟೇ ಒಂದು ಅರ್ಜಿಯಲ್ಲಿ ಬರೆದಿದ್ದೇನೆ: ಪ್ಲಾಸ್ಟಿಕ್ ಆರಿಸುವುದು, ಸಸಿ ಎದ್ದ ಜಾಗಗಳ ಫೋಟೋ ತೆಗೆದು ಇಲಾಖೆಗೆ ಕೊಡುವುದು, ಭಾನುವಾರ ಬರುವವರಿಗೆ ಕನ್ನಡ, ಉರ್ದು ಎರಡರಲ್ಲೂ ಗೋಡೆಯ ಕಥೆ ಹೇಳುವುದು. ಎನ್ನೆಸ್ಸೆಸ್ ಅಧಿಕಾರಿಗಳಾದ ನಮ್ಮ ಉಪನ್ಯಾಸಕರು ಅನುಮತಿ ಕೇಳೋಣ ಎಂದಿದ್ದಾರೆ. ತಂಡಕ್ಕೆ ಏನು ಹೆಸರಿಡಲಿ ಎಂದು ಅಬ್ಬಾರನ್ನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಖಿದ್ಮತ್ ಅಂತ ಬರಿ" ಎಂದರು. ಅರ್ಜಿ ಕನ್ನಡದಲ್ಲಿತ್ತು. ಕೆಳಗೆ ಸೇವೆ ಎಂದೂ ಬರೆದೆ. ಈಗ ಅದರಲ್ಲಿ ಏಳು ಹೆಸರುಗಳಿವೆ.