ಶಿಬಿರ ಮುಗಿಯುವ ಮುನ್ನ

ಮನಶ್ಶಾಸ್ತ್ರಜ್ಞ ಜೂಲಿಯನ್ ಸ್ಟ್ಯಾನ್ಲಿ 1979ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಪ್ರತಿಭಾವಂತ ಕಿರಿಯರ ಕೇಂದ್ರವು ನಡೆಸುತ್ತ ಬಂದಂಥ ಬೇಸಿಗೆಯ ಬರವಣಿಗೆ ಶಿಬಿರಗಳು ಮುಗಿಯುತ್ತ ಬಂದಾಗ ಹದಿಹರೆಯದವರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಪ್ರಬಂಧದ ವಾದವನ್ನು ಮುಟ್ಟದೆ, ಅಕ್ಷರದೋಷ, ಅಲ್ಪವಿರಾಮಗಳನ್ನಷ್ಟೇ ತಿದ್ದಿ, ಪರಿಷ್ಕರಣೆ ಆಯಿತೆಂದು ಭಾವಿಸುವುದು. ಪರಿಷ್ಕರಣೆಯೆಂದರೆ ಪ್ರಬಂಧವು ಸಾಧಿಸಹೊರಟ ಮುಖ್ಯ ಹೇಳಿಕೆಗೆ, ಅಂದರೆ ಪ್ರತಿಪಾದನೆಗೆ, ಪ್ರತಿ ಪರಿಚ್ಛೇದವೂ ಏನನ್ನು ಒದಗಿಸುತ್ತಿದೆಯೆಂದು ಕೇಳಿಕೊಂಡು, ಏನನ್ನೂ ಒದಗಿಸದಿದ್ದುದನ್ನು, ಅದು ಎಷ್ಟೇ ಚೆಂದವಾಗಿದ್ದರೂ, ತೆಗೆದುಹಾಕುವುದು. ಅಲ್ಪವಿರಾಮದ ಸರದಿ ಆಮೇಲಿನದು.

ಶಿಬಿರದೊಂದಿಗೆ ವಿಶ್ವವಿದ್ಯಾಲಯದ ಗ್ರಂಥಾಲಯದ ಬಾಗಿಲೂ ಬಹುಮಟ್ಟಿಗೆ ಮುಚ್ಚುವುದರಿಂದ, ಆಕರಗಳ ವಿವರವನ್ನು ಅಲ್ಲಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಸಾಹಿತ್ಯಾಧ್ಯಯನದಲ್ಲಿ ಬಳಕೆಯಲ್ಲಿರುವ ಎಂಎಲ್‌ಎ ಪದ್ಧತಿ, ಅಂದರೆ ಉಲ್ಲೇಖದ ಬೆನ್ನಿಗೇ ಲೇಖಕರ ಹೆಸರನ್ನೂ ಪುಟಸಂಖ್ಯೆಯನ್ನೂ ಆವರಣದಲ್ಲಿ ಕೊಡುವ ಕ್ರಮ, ಪುಟಸಂಖ್ಯೆಯೇ ಕೈತಪ್ಪಿದರೆ ನಡೆಯದು. ಅದನ್ನು ಅಂದಾಜಿನಿಂದ ತುಂಬುವುದಂತೂ ಸಲ್ಲದು.

ಬೀಳ್ಕೊಡುಗೆಯ ಕುಣಿತಕ್ಕೆ ಹೋಗಬಾರದೆಂದಲ್ಲ, ಆ ವಯಸ್ಸಿನಲ್ಲಿ ಹೋಗಲೇಬೇಕು. ಆದರೆ ಹಾಸ್ಟೆಲ್ ಕೋಣೆಯನ್ನು ಖಾಲಿಮಾಡುವ ಭರದಲ್ಲಿ, ಬೋಧಕರು ಅಂಚಿನುದ್ದಕ್ಕೂ ಟಿಪ್ಪಣಿ ಗೀಚಿದ ಹಳೆಯ ಕರಡುಗಳನ್ನು ಕಸದ ಬುಟ್ಟಿಗೆ ಎಸೆಯದೆ, ದಿನಾಂಕ ಹಾಕಿ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಳ್ಳುವುದು ಒಳಿತು. ಅಂತಿಮ ಪ್ರತಿಯಲ್ಲಿ ಆ ಟಿಪ್ಪಣಿಗಳಾವುವೂ ಉಳಿದಿರುವುದಿಲ್ಲ.