ಬಾಟಲಿಯಲ್ಲಿ ಕಾಣದ ತಪ್ಪು

ಕೂಸೇ, ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ನಿನ್ನನ್ನು ಕುಡಿಗಳ ಆಹಾರ ತಯಾರಿಸುವ ಮೀಡಿಯಾ ರೂಮಿಗೆ ಹಾಕಿದ್ದಾರೆಂದು ಕೇಳಿ ಸಂತೋಷವಾಯಿತು. ಕುಡಿ ಕತ್ತರಿಸುವವರದೇ ದೊಡ್ಡ ಕೆಲಸವೆಂದು ಮನಸ್ಸು ಸಣ್ಣದು ಮಾಡಿಕೊಳ್ಳಬೇಡ. ಕೊಳ್ಳೇಗಾಲ, ಹನೂರು, ಯಳಂದೂರಿನ ರೈತರು ಸಾಲ ಮಾಡಿ ನೆಡುವ ಜಿ-9 ಬಾಳೆಗೆ ಮೊದಲ ತುತ್ತು ಉಣಿಸುವವಳು ನೀನು.

ಎಂ.ಎಸ್. ಮೀಡಿಯಾದ ಅಳತೆಗಳನ್ನು ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲೇ ಬರೆದಿಟ್ಟಿದ್ದಾರೆ. ಅಳತೆ ಬಾಯಿಪಾಠವಾದರೆ ಸಾಲದು, ಕ್ರಮದ ಹಿಂದಿನ ಕಾರಣವೂ ತಿಳಿದಿರಲಿ. ಕ್ಯಾಲ್ಸಿಯಂ ಸ್ಟಾಕನ್ನು ಬೇರೆಯೇ ಇಡು. ಗಟ್ಟಿ ದ್ರಾವಣದಲ್ಲಿ ಅದು ಸಲ್ಫೇಟ್, ಫಾಸ್ಫೇಟ್ ಜೊತೆ ಸೇರಿದರೆ ಬಿಳಿ ಗಸಿಯಾಗಿ ತಳ ಸೇರುತ್ತದೆ, ಗಿಡಕ್ಕೆ ದಕ್ಕುವುದಿಲ್ಲ. ಕಬ್ಬಿಣದ ಸ್ಟಾಕ್ ಕಂದು ಬಾಟಲಿಯಲ್ಲಿರಲಿ, ಬೆಳಕು ತಾಗದಿರಲಿ. ಬೋರ್‌ವೆಲ್ ನೀರು ಬೇಡವೇ ಬೇಡ, ಬಟ್ಟಿ ಇಳಿಸಿದ್ದೇ ಆಗಬೇಕು. ಲೀಟರಿಗೆ 30 ಗ್ರಾಂ ಸಕ್ಕರೆ ಕರಗಿಸಿ, ಪಿ.ಎಚ್. 5.8ಕ್ಕೆ ತಂದ ಮೇಲೆಯೇ ಅಗಾರ್ ಹಾಕು. ಪಿ.ಎಚ್. ತೀರಾ ಇಳಿದರೆ ಅಗಾರ್ ಹೆಪ್ಪುಗಟ್ಟುವುದಿಲ್ಲ. ಆಟೋಕ್ಲೇವಿನಲ್ಲಿ 121 ಡಿಗ್ರಿ, 15 ಪೌಂಡ್ ಒತ್ತಡ, 15ರಿಂದ 20 ನಿಮಿಷ. ಹೊತ್ತು ಮೀರಿದರೆ ಸಕ್ಕರೆ ಕಂದುತ್ತದೆ. ತಣಿದ ಬಾಟಲಿಗಳನ್ನು ಮೂರು ದಿನ ಹಾಗೇ ಇಟ್ಟು ನೋಡಿ ಆಮೇಲೆ ಕೊಡು. ಬೂಷ್ಟು ಬರುವುದಿದ್ದರೆ ಅಷ್ಟರಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ.

ಬೂಷ್ಟು ಕಣ್ಣಿಗೆ ಬೀಳುವ ತಪ್ಪು. ನಾನು ಹೆಚ್ಚು ಹೆದರುವುದು ಕಣ್ಣಿಗೆ ಬೀಳದ ತಪ್ಪಿಗೆ. ಬಿ.ಎ.ಪಿ. ಹಾರ್ಮೋನು ನೇರವಾಗಿ ನೀರಿನಲ್ಲಿ ಸರಿಯಾಗಿ ಕರಗದು. ನಾಲ್ಕು ಹನಿ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿಕೊಂಡು ಸ್ಟಾಕ್ ಮಾಡುತ್ತೀಯ. ಮಿಲೀಲೀಟರಿಗೆ 1 ಮಿಲಿಗ್ರಾಂ ಸ್ಟಾಕಾದರೆ, ಲೀಟರಿಗೆ 5 ಮಿಲಿಗ್ರಾಂನಂತೆ 10 ಲೀಟರಿಗೆ 50 ಮಿಲೀಲೀಟರ್. ಆಗ ಫೋನು ಬಂತು, ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಸುರಿದೆ ಎಂದಿಟ್ಟುಕೋ. ಮೀಡಿಯಾದ ಬಣ್ಣ ಬದಲಾಗುವುದಿಲ್ಲ, ವಾಸನೆಯೂ ಬರುವುದಿಲ್ಲ. ಆದರೆ ಹಾರ್ಮೋನು ಅತಿಯಾದಷ್ಟೂ, ಅದೇ ಕುಡಿಯನ್ನು ಮತ್ತೆ ಮತ್ತೆ ಕತ್ತರಿಸಿದಷ್ಟೂ ತಳಿಯ ಗುಣ ಕೆಟ್ಟ ಗಿಡ ಹುಟ್ಟುವ ಅಪಾಯ ಹೆಚ್ಚು. ಅದು ಗೊತ್ತಾಗುವುದು ಗಿಡ ಜಮೀನಿಗೆ ಹೋಗಿ ತಿಂಗಳುಗಳಾದ ಮೇಲೆ: ಒಂದು ಕುಳ್ಳಾಗಿ ನಿಲ್ಲುತ್ತದೆ, ಇನ್ನೊಂದರ ಗೊನೆ ಸೊರಗುತ್ತದೆ. ಅಷ್ಟರಲ್ಲಿ ಗೊಬ್ಬರ, ನೀರು, ಕೂಲಿ ಎಲ್ಲವೂ ಮುಗಿದಿರುತ್ತದೆ. ರೈತ ತನ್ನ ಮಣ್ಣನ್ನೋ ಹಣೆಬರಹವನ್ನೋ ದೂರುತ್ತಾನೆ.

ಅದಕ್ಕೇ ಹೇಳುತ್ತೇನೆ: ಒಂದೊಂದು ಸ್ಟಾಕ್ ಹಾಕಿದ ಕೂಡಲೇ ರಿಜಿಸ್ಟರಿನಲ್ಲಿ ಗುರುತು ಹಾಕು, ಮುಂದಿನ ಬಾಟಲಿಯ ಮುಚ್ಚಳ ಆಮೇಲೆ ತೆಗೆ. ಅಳೆಯುವಾಗ ಯಾರು ಕರೆದರೂ ಓಗೊಡಬೇಡ. ಅನುಮಾನ ಬಂದರೆ ಇಡೀ ಬ್ಯಾಚು ಚೆಲ್ಲಿಬಿಡು, ಮೇಲಿನವರಿಗೆ ಇದ್ದದ್ದು ಇದ್ದ ಹಾಗೆ ಹೇಳು. ಹತ್ತು ಲೀಟರ್ ಮೀಡಿಯಾವನ್ನು ನಾಳೆ ಮತ್ತೆ ಮಾಡಬಹುದು. ರೈತನ ಒಂದು ವರ್ಷವನ್ನು ಯಾರೂ ಮತ್ತೆ ಮಾಡಿಕೊಡಲಾರರು.