ಕೃತಕ ಬುದ್ಧಿಮತ್ತೆಗೆ ಕಟ್ಟಳೆ: ತೇನಿ ಸೀಮೆಯ ಕನ್ನಡದಿಂದ ಒಂದು ಪಾಠ

ಮುಲ್ಲೈಪೆರಿಯಾರ್ ಅಣೆಕಟ್ಟು ೧೮೯೫ರಲ್ಲಿ ಪೂರ್ಣಗೊಂಡಿತು. ಪಡುವಣ ಕಡಲಿಗೆ ಹರಿದುಹೋಗುತ್ತಿದ್ದ ನೀರನ್ನು, ಬೆಟ್ಟವನ್ನು ಕೊರೆದ ಸುರಂಗದ ಮೂಲಕ ಮೂಡಣಕ್ಕೆ ತಿರುಗಿಸಿದುದರಿಂದ ಕಂಬಂ ಕಣಿವೆಯ ಬೇಸಾಯಕ್ಕೆ ಬಲ ಬಂದಿತು. ಆದರೆ ಅಣೆಕಟ್ಟಿನಲ್ಲಿ ನೀರು ನಿಂತ ಮಾತ್ರಕ್ಕೆ ಕಡೆಯ ಗದ್ದೆ ನೆನೆಯುವುದಿಲ್ಲ. ಆಯಾ ಊರಿನ ನೆಲದ ಏರುತಗ್ಗುಗಳನ್ನು ನೋಡಿ ಕಾಲುವೆಯನ್ನು ತೋಡಬೇಕು, ತೂಬನ್ನು ಇಡಬೇಕು. ಕಾನೂನಿಗೂ ಈ ಮಾತು ಸಲ್ಲುತ್ತದೆ. ಮೇಲೆ ಉತ್ತಮ ತತ್ತ್ವವಿದ್ದರೆ ಸಾಲದು. ಅದು ಕಡೆಯ ಮನೆಯನ್ನು ಮುಟ್ಟುವ ದಾರಿಯೂ ಇರಬೇಕು. ಕೃತಕ ಬುದ್ಧಿಮತ್ತೆಗೆ ಹಾಕತಕ್ಕ ಕಟ್ಟಳೆಗಳ ವಿಷಯದಲ್ಲಿ ಈ ಮಾತನ್ನು ನಾವು ಇಲ್ಲಿ ವಿಚಾರಮಾಡೋಣ.

ಕೃತಕ ಬುದ್ಧಿಮತ್ತೆಯುಳ್ಳ ಯಂತ್ರವು ಉದಾಹರಣೆಗಳಿಂದ ಕಲಿಯುತ್ತದೆ. ಲಕ್ಷಾಂತರ ವಾಕ್ಯಗಳನ್ನೂ ಧ್ವನಿಗಳನ್ನೂ ಚಿತ್ರಗಳನ್ನೂ ಅದಕ್ಕೆ ಒದಗಿಸಿದಾಗ, ಅವುಗಳಲ್ಲಿರುವ ಹೋಲಿಕೆಗಳನ್ನು ಗುರುತಿಸಿ ಹೊಸದನ್ನು ಊಹಿಸುತ್ತದೆ. ಆದುದರಿಂದ ಯಾರ ಮಾತು ಆ ಉದಾಹರಣೆಗಳಲ್ಲಿ ಸೇರಿಲ್ಲವೋ ಅವರ ವಿಷಯದಲ್ಲಿ ಯಂತ್ರವು ತಪ್ಪುವ ಸಂಭವ ಹೆಚ್ಚು.

ಈ ಅಪಾಯವನ್ನು ಲೋಕವು ಅರಿಯದೆ ಇಲ್ಲ. ಯುನೆಸ್ಕೋ ಸಂಸ್ಥೆಯು ೨೦೨೧ರ ನವೆಂಬರಿನಲ್ಲಿ ಕೃತಕ ಬುದ್ಧಿಮತ್ತೆಯ ನೀತಿಯನ್ನು ಕುರಿತ ಶಿಫಾರಸನ್ನು ಅಂಗೀಕರಿಸಿತು. ಐರೋಪ್ಯ ಒಕ್ಕೂಟವು ಅಪಾಯದ ಪ್ರಮಾಣವನ್ನು ಅನುಸರಿಸಿ ನಿರ್ಬಂಧಗಳನ್ನು ವಿಧಿಸುವ ಶಾಸನವನ್ನೇ ೨೦೨೪ರಲ್ಲಿ ಮಾಡಿತು. ಭಾರತ ಸರಕಾರವು ೨೦೨೫ರ ನವೆಂಬರಿನಲ್ಲಿ ಮಾರ್ಗದರ್ಶಿ ಸೂತ್ರಗಳನ್ನು ಪ್ರಕಟಿಸಿ, ಪ್ರತ್ಯೇಕ ಶಾಸನಕ್ಕಿಂತ ಈಗಿರುವ ಕಾನೂನುಗಳ ಆಧಾರದಿಂದಲೇ ನಡೆಯುವ ದಾರಿಯನ್ನು ಹಿಡಿಯಿತು. ತಮಿಳುನಾಡು ಸರಕಾರವಂತೂ ೨೦೨೦ರಲ್ಲಿಯೇ ಈ ಬಗೆಗೆ ತನ್ನದೇ ಒಂದು ನೀತಿಯನ್ನು ಪ್ರಕಟಿಸಿತು. ಪಾರದರ್ಶಕತೆ, ಹೊಣೆಗಾರಿಕೆ, ನ್ಯಾಯ ಮೊದಲಾದವುಗಳ ಜೊತೆಗೆ ದತ್ತಾಂಶದ ಕೊರತೆಯನ್ನೂ ಅದು ಗಮನಿಸಬೇಕಾದ ವಿಷಯವೆಂದು ಎಣಿಸಿರುವುದು ಮೆಚ್ಚತಕ್ಕ ಸಂಗತಿ. ನಾಡಿಗೆ ತಕ್ಕಂತೆ ಕಟ್ಟಳೆಯ ರೂಪ ಬೇರೆಯಾಗುವುದು ಸಹಜ. ಆದರೆ ಒಂದು ನಾಡಿನೊಳಗೇ ಹಲವು ಸಮಾಜಗಳಿರುವಾಗ ಏನು ಮಾಡಬೇಕು?

ತೇನಿ, ದಿಂಡಿಗಲ್ ಸೀಮೆಯನ್ನು ನೋಡೋಣ. ಇಲ್ಲಿಯ ಕಪ್ಪಿಲಿಯರು ಮತ್ತು ಅನುಪ್ಪರು ಕನ್ನಡ ಮನೆಮಾತಿನ ಒಕ್ಕಲು ಮಕ್ಕಳು. ೧೯೦೯ರಲ್ಲಿ ಪ್ರಕಟವಾದ ಥರ್ಸ್ಟನ್ನನ ಗ್ರಂಥದಲ್ಲಿಯೂ ಇವರನ್ನು ಕನ್ನಡದ ಬೇಸಾಯಗಾರರೆಂದೇ ಹೇಳಿದೆ. ತಲೆಮಾರುಗಳಿಂದ ಈ ಮಾತು ಮನೆಯಲ್ಲಿ ಉಳಿದುಬಂದಿದೆ; ಓದುಬರಹವೆಲ್ಲ ತಮಿಳಿನಲ್ಲಿ. ಕನ್ನಡವನ್ನಾಡುವ ಅಲ್ಲಿಯ ಎಷ್ಟೋ ಜನರಿಗೆ ಕನ್ನಡದ ಅಕ್ಷರಗಳು ತಿಳಿಯವು. ನಮ್ಮ ಪುಸ್ತಕದ ಕನ್ನಡವೂ ಅವರ ಕಿವಿಗೆ ಹೊಸದು.

ಈಗ ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ತೆಗೆದುಕೊಳ್ಳಿ. ಒಬ್ಬರ ದತ್ತಾಂಶವನ್ನು ಬಳಸಲು ಒಪ್ಪಿಗೆ ಕೇಳುವವರು, ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳಲ್ಲಿ ಯಾವುದೊಂದರಲ್ಲಾಗಲಿ ತಿಳಿವಳಿಕೆಯನ್ನು ಓದಿಕೊಳ್ಳಲು ಅವಕಾಶ ಕೊಡಬೇಕೆಂದು ಅದು ವಿಧಿಸುತ್ತದೆ. ಪಟ್ಟಿಯಲ್ಲಿ ಕನ್ನಡವಿದೆ, ತಮಿಳೂ ಇದೆ. ವಿಧಿ ಒಳ್ಳೆಯದೇ. ಆದರೆ ಅಕ್ಷರವನ್ನೇ ಕಲಿಯದ ಕಂಬಂ ಕಣಿವೆಯ ಅಜ್ಜಿಗೆ ಕನ್ನಡದ ಮುದ್ರಿತ ಕಾಗದವೂ ಮೂಕ, ತಮಿಳಿನದೂ ಮೂಕ.

ಇದು ಬರಿಯ ಊಹೆಯಲ್ಲ. ಕಳೆದ ಬೇಸಿಗೆಯ ರಜೆಯಲ್ಲಿ ಕಂಬಂ ಬಳಿಯ ಹಳ್ಳಿಯೊಂದರಲ್ಲಿ ನಾವು ಪರಿಚಿತರ ಮನೆಯಲ್ಲಿ ತಂಗಿದ್ದೆವು. ಅಲ್ಲಿಯ ಹಿರಿಯ ತಾಯಿಯವರು ಮಾತನಾಡುತ್ತಿದ್ದಾಗ, ಮಾತನ್ನು ಬರಹಕ್ಕಿಳಿಸುವ ಸೌಕರ್ಯವುಳ್ಳ ಮೊಬೈಲನ್ನು ಕುತೂಹಲದಿಂದ ಅವರ ಮುಂದೆ ಹಿಡಿದೆವು. ಕನ್ನಡವೆಂದು ಆರಿಸಿದರೆ ಅರ್ಧದಷ್ಟು ಪದಗಳು ಬೇರೆಯಾದವು. ತಮಿಳೆಂದು ಆರಿಸಿದರೆ ಇನ್ನೂ ಕೆಟ್ಟಿತು. ನಾವು ನಕ್ಕೆವು. ಅವರು ನಗಲಿಲ್ಲ. ತಮ್ಮ ಮಾತು ಈಗ ಎಲ್ಲಿಗೆ ಹೋಯಿತು, ಅದನ್ನು ಯಾರು ಇಟ್ಟುಕೊಂಡಿದ್ದಾರೆ, ಬೇಡವೆಂದರೆ ಹಿಂದಕ್ಕೆ ಬರುವುದೇ ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ಒಪ್ಪಿಗೆಯನ್ನು ಮೊದಲು ಕೇಳದೆ ಹೋದುದು ನಮ್ಮದೇ ತಪ್ಪು. ಇಪ್ಪತ್ತು ವರುಷ ಪಾಠ ಹೇಳಿದ ನಮಗೆ ಅಂದು ಪಾಠವಾಯಿತು.

ಆ ಪಾಠವನ್ನು ಮೂರು ಮಾತಿನಲ್ಲಿ ಹೇಳಬಹುದು.

ಮೊದಲನೆಯದು, ಪರೀಕ್ಷೆಯು ಬಳಸುವ ಸ್ಥಳದಲ್ಲಿಯೇ ಆಗಬೇಕು. ನೂರು ಜನರಲ್ಲಿ ತೊಂಬತ್ತೈದು ಜನರ ಮಾತನ್ನು ಯಂತ್ರವು ಸರಿಯಾಗಿ ಗ್ರಹಿಸಿತೆನ್ನಿ. ತಪ್ಪಿಹೋದ ಐವರೂ ಒಂದೇ ಕೇರಿಯವರಾದರೆ ಆ ಕೇರಿಯ ಪಾಲಿಗೆ ಯಂತ್ರವು ಪೂರ್ಣವಾಗಿ ಸೋತಂತೆಯೇ. ಸರಾಸರಿಯ ಅಂಕವು ಇದನ್ನು ಮುಚ್ಚಿಡುತ್ತದೆ.

ಎರಡನೆಯದು, ಒಪ್ಪಿಗೆಯನ್ನು ತಿಳಿಯುವ ಮಾತಿನಲ್ಲಿ ಕೇಳಬೇಕು. ಓದಲಾರದವರಿಗೆ ಬಾಯಿಮಾತಿನಲ್ಲಿ ವಿವರಿಸಬೇಕು. ಬೇಡವೆನ್ನುವ ದಾರಿಯೂ ಒಪ್ಪುವ ದಾರಿಯಷ್ಟೇ ಸುಲಭವಾಗಿರಬೇಕು.

ಮೂರನೆಯದು, ಯಂತ್ರದ ಹಿಂದೆ ಹೊಣೆ ಹೊರುವ ಮನುಷ್ಯನೊಬ್ಬನಿರಬೇಕು. ಮಾತು ತಿಳಿಯದ ಯಂತ್ರದ ದೆಸೆಯಿಂದ ಯಾರದಾದರೂ ಪಿಂಚಣಿಯೋ ಪಡಿತರವೋ ತಡೆದರೆ, ಅಹವಾಲನ್ನು ಕೇಳಿ ತೀರ್ಮಾನವನ್ನು ತಿದ್ದುವ ಅಧಿಕಾರಿಯು ಹತ್ತಿರದಲ್ಲಿಯೇ ಸಿಗಬೇಕು.

ಒಂದು ಆಕ್ಷೇಪವುಂಟು: ಊರಿಗೊಂದು ರೀತಿ ಎಂದರೆ ತತ್ತ್ವವೇ ಸಡಿಲವಾಗದೆ? ಹಾಗಲ್ಲ. ಹೊಂದಿಸಬೇಕಾದುದು ದಾರಿಯನ್ನೇ ಹೊರತು ಗುರಿಯನ್ನಲ್ಲ. ಊರಿನ ಹಿರಿಯರು ಒಪ್ಪಿದರೆಂಬ ಕಾರಣಕ್ಕೆ ಆ ತಾಯಿಯ ಧ್ವನಿಯನ್ನು ತೆಗೆದುಕೊಳ್ಳಲಾಗದು; ಒಪ್ಪಿಗೆ ಅವರದೇ ಆಗಬೇಕು. ಸಂಪ್ರದಾಯದ ಹೆಸರಿನಲ್ಲಿ ಒಬ್ಬರ ಹಕ್ಕನ್ನು ಮತ್ತೊಬ್ಬರು ಬಿಟ್ಟುಕೊಡುವಂತಿಲ್ಲ.

ಈ ನ್ಯಾಯವು ನಮ್ಮ ದೇಶಕ್ಕೆ ಹೊಸದೂ ಅಲ್ಲ. ರಾಜ್ಯಗಳ ಪುನರ್ವಿಂಗಡಣೆಯಾದ ೧೯೫೬ರಲ್ಲಿಯೇ ಸಂವಿಧಾನಕ್ಕೆ ೩೫೦ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಲು ರಾಜ್ಯಗಳು ಪ್ರಯತ್ನಿಸತಕ್ಕುದೆಂದು ಹೇಳಲಾಯಿತು. ಎಲ್ಲರಿಗೂ ಒಂದೇ ಶಾಲೆಯ ಬಾಗಿಲನ್ನು ತೆರೆದರೆ ಸಮಾನತೆಯಾಗದು, ಒಳಗೆ ಹೇಳುವ ಮಾತು ಮಗುವಿಗೆ ತಿಳಿಯಬೇಕು ಎಂಬುದೇ ಅದರ ತಿರುಳು. ಯಂತ್ರದ ಬಾಗಿಲಿಗೂ ಅದೇ ನಿಯಮವನ್ನು ಕೇಳುವುದು ಅತಿಯಾಸೆಯಲ್ಲ.

ನಮ್ಮ ಶಾಲೆಯಲ್ಲಿ ಇಂಥ ಯಾವುದೇ ಸಾಧನವನ್ನು ತರುವ ಮುನ್ನ ಮೇಲಿನ ಮೂರು ಪರೀಕ್ಷೆಗಳನ್ನು ಮಾಡಬೇಕೆಂದು ಸಂಘದ ಆಡಳಿತ ಮಂಡಳಿಯವರಲ್ಲಿ ನಾವು ವಿನಂತಿಸಿಕೊಳ್ಳುತ್ತೇವೆ. ಪೋಷಕರೂ ಹಳೆಯ ವಿದ್ಯಾರ್ಥಿಗಳೂ ಇದಕ್ಕೆ ಬೆಂಬಲವೀಯಬೇಕು.

ಅಭ್ಯಾಸ

೧. ನಿಮ್ಮ ಮನೆಯ ಹಿರಿಯರು ಆಡುವ, ಪಠ್ಯಪುಸ್ತಕದಲ್ಲಿ ಇಲ್ಲದ ಹತ್ತು ಪದಗಳನ್ನು ಅವರ ಒಪ್ಪಿಗೆ ಪಡೆದು ಬರೆಯಿರಿ.

೨. ಸರಾಸರಿಯ ಅಂಕವು ಯಾವ ಸಂದರ್ಭದಲ್ಲಿ ಸತ್ಯವನ್ನು ಮರೆಮಾಡುತ್ತದೆ? ನಿಮ್ಮ ತರಗತಿಯ ಉದಾಹರಣೆಯಿಂದ ವಿವರಿಸಿರಿ.

೩. ಆ ತಾಯಿಯವರು ಕೇಳಿದ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಯಾರು? ಚರ್ಚಿಸಿರಿ.